ತಗ್ಗಿಗೆ ಬಿದ್ದ ಟೈರು: ಬದಲಿಸಬೇಕಾ, ಓಡಿಸಬಹುದಾ?

ಪ್ರಶ್ನೆ: ನಾನು ಸೇಡಂನಲ್ಲಿರುತ್ತೇನೆ. ಕೆಲಸಕ್ಕೆ ದಿನಾ ಕಲಬುರಗಿಗೆ ಕಾರಿನಲ್ಲಿ ಹೋಗಿ ಬರುತ್ತೇನೆ. ಹೋದ ವಾರ ರಾತ್ರಿ ಮಳೆಯಲ್ಲಿ ವಾಪಸ್ ಬರುವಾಗ, ಮಳಖೇಡ ಹತ್ತಿರ ನೀರು ತುಂಬಿದ ತಗ್ಗು ಕಾಣಲಿಲ್ಲ. ಮುಂದಿನ ಎಡಗಾಲಿ ಧಡ್ ಅಂತ ಬಿತ್ತು. ಹವಾ ಹೋಗಲಿಲ್ಲ, ಹಾಗೇ ಮನೆಗೆ ಬಂದೆ. ಎರಡು ದಿನ ಬಿಟ್ಟು ಕಾರು ತೊಳೆಯುವಾಗ ಆ ಟೈರಿನ ಸೈಡಿನಲ್ಲಿ ಹೆಬ್ಬೆರಳಷ್ಟು ಉಬ್ಬು ಕಂಡಿತು. ಗಾಡಿ ಸ್ವಲ್ಪ ಎಡಕ್ಕೆ ಎಳೆಯುತ್ತಲೂ ಇದೆ. ಪಂಕ್ಚರ್ ಅಂಗಡಿಯವರು "ಏನೂ ಆಗಲ್ಲ, ಹಿಂದಕ್ಕೆ ಹಾಕಿ ಓಡಿಸಿ, ಬೇಕಾದರೆ ಒಳಗೆ ಗೇಟರ್ ಕೊಡ್ತೀನಿ" ಅಂದರು. ಟೈರ್ ಶೋರೂಮಿನವರು "ಮುಂದಿನವು ಎರಡೂ ಬದಲಿಸಿ, ಅಲೈನ್‌ಮೆಂಟ್ ಸೇರಿ ಹದಿಮೂರು ಸಾವಿರ ಆಗುತ್ತೆ" ಅಂದರು. ಟೈರು 185/65 ಆರ್ 15, ಓಡಿರುವುದು 28 ಸಾವಿರ ಕಿಲೋಮೀಟರು, ಗ್ರಿಪ್ ಇನ್ನೂ ಚೆನ್ನಾಗಿದೆ. ಸ್ಟೆಪ್ನಿ ಅದೇ ಸೈಜಿನದು, ಒಮ್ಮೆಯೂ ಬಳಸಿಲ್ಲ. ಮುಂದಿನ ವಾರ ಮನೆಮಂದಿ ಜೊತೆ ಹೈದರಾಬಾದಿಗೆ ಹೋಗುವುದಿದೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಆ ಟೈರು ಬಿಚ್ಚಿ ಸ್ಟೆಪ್ನಿ ಹಾಕಿ. ಉಳಿದ ಮಾತು ಆಮೇಲೆ. ಸೈಡಿನಲ್ಲಿ ಉಬ್ಬು ಬಂದ ಟೈರು ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ, ಸ್ಟೆಪ್ನಿಯಾಗಿಯೂ ಬೇಡ. ಅದರ ಕೆಲಸ ಮುಗಿಯಿತು. ಆದರೆ ಎರಡು ಟೈರು ಬದಲಿಸಲೇಬೇಕು ಅನ್ನುವುದನ್ನೂ ನಾನು ಹಾಗೇ ಒಪ್ಪುವುದಿಲ್ಲ. ನೀವು ಹೇಳಿದ ಲೆಕ್ಕದಲ್ಲಿ ಬಹುಶಃ ಒಂದೇ ಸಾಕು, ಅಥವಾ ಸದ್ಯಕ್ಕೆ ಸ್ಟೆಪ್ನಿಯೇ ಸಾಕಾಗಬಹುದು. ಯಾಕೆ ಅಂತ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಮುಂದಿನ ಸಲ ಯಾರನ್ನೂ ಕೇಳುವ ಪ್ರಮೇಯ ಬರುವುದಿಲ್ಲ.

ಟೈರು ಅಂದರೆ ರಬ್ಬರು ಅಂದುಕೊಳ್ಳುತ್ತೇವೆ. ಆದರೆ ಗಾಡಿಯ ತೂಕ ಹೊರುವುದು ಒಳಗಿನ ಹವಾ. ಆ ಹವಾವನ್ನು ಹಿಡಿದಿಡುವುದು ರಬ್ಬರಿನೊಳಗೆ ಹುದುಗಿರುವ ದಾರಗಳು. ಈಗಿನ ಕಾರುಗಳಿಗೆಲ್ಲ ರೇಡಿಯಲ್ ಟೈರು. ನೆಲಕ್ಕೆ ತಾಗುವ ಭಾಗದ ಕೆಳಗೆ ಸ್ಟೀಲ್ ತಂತಿಯ ಬೆಲ್ಟುಗಳಿವೆ, ಅದಕ್ಕೇ ಅಲ್ಲಿ ಗಟ್ಟಿ. ಸೈಡಿಗೆ ಬಂದರೆ ಆ ಸ್ಟೀಲ್ ಬೆಲ್ಟ್ ಇಲ್ಲ. ಒಂದು ಪದರ, ಹೆಚ್ಚೆಂದರೆ ಎರಡು ಪದರ ಪಾಲಿಯೆಸ್ಟರ್ ದಾರ, ಅದರ ಮೇಲೆ ತೆಳು ರಬ್ಬರು, ಅಷ್ಟೇ. ತೆಳುವಾಗಿದ್ದರೇ ಅದು ಬಾಗುತ್ತದೆ, ಬಾಗಿದರೇ ನಮಗೆ ಕೂತ ಜಾಗದಲ್ಲಿ ಮೆತ್ತಗೆ ಅನಿಸುತ್ತದೆ.

ಗಾಲಿ ತಗ್ಗಿಗೆ ಬಿದ್ದಾಗ ಪೆಟ್ಟು ಬೀಳುವುದು ಇಳಿಯುವಾಗ ಅಲ್ಲ, ಆಚೆ ಅಂಚಿಗೆ ಬಡಿದು ಮೇಲೆ ಹತ್ತುವಾಗ. ಆ ಕ್ಷಣ ಟೈರಿನ ಸೈಡು ಮಡಚಿಕೊಂಡು, ರಸ್ತೆಯ ಅಂಚಿಗೂ ಡಿಸ್ಕಿನ (ಟೈರು ಕೂರುವ ಲೋಹದ ಚಕ್ರದ) ಅಂಚಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ರಬ್ಬರು ಎಳೆದರೆ ಎಳೆಯುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ದಾರ ಹಾಗಲ್ಲ, ಹರಿಯುತ್ತದೆ. ಹೊರಗೆ ಒಂದು ಗೀರೂ ಇಲ್ಲದೆ ಒಳಗಿನ ನಾಲ್ಕಾರು ದಾರ ಹರಿದಿರಬಹುದು. ಆಮೇಲೆ ಆ ಜಾಗದಲ್ಲಿ ಹವಾವನ್ನು ತಡೆಯುವುದು ಬರೀ ರಬ್ಬರು. ಗೋಣಿಚೀಲದ ಹೊಲಿಗೆ ಸಡಿಲಾದ ಕಡೆ ಒಳಗಿನ ತೊಗರಿ ಒತ್ತಿಕೊಂಡು ಬರುತ್ತದಲ್ಲ, ಹಾಗೆ ಹವಾ ಅಲ್ಲಿ ಹೊರಕ್ಕೆ ತಳ್ಳುತ್ತದೆ. ಅದೇ ನೀವು ಕಂಡ ಉಬ್ಬು. ಇದು ಪೆಟ್ಟು ಬಿದ್ದ ಗಳಿಗೆಯಲ್ಲೇ ಕಾಣಬೇಕೆಂದಿಲ್ಲ. ಓಡುತ್ತಾ ಓಡುತ್ತಾ ರಬ್ಬರು ಹಿಗ್ಗಿ ಕೆಲವು ದಿನ ಬಿಟ್ಟು ಕಾಣುವುದೂ ಇದೆ. ಹವಾ ಇಳಿದಿಲ್ಲ ಅನ್ನುವುದು ಸಮಾಧಾನದ ಮಾತೇನಲ್ಲ. ಹವಾ ಸೋರದಂತೆ ಹಿಡಿಯುವ ಒಳಪದರ ಬೇರೆ, ಹವಾದ ಒತ್ತಡ ತಡೆಯುವ ದಾರ ಬೇರೆ.

ಹರಿದ ದಾರವನ್ನು ಮತ್ತೆ ಜೋಡಿಸುವ ದಾರಿ ಯಾವ ಅಂಗಡಿಯಲ್ಲೂ ಇಲ್ಲ. ಗೇಟರ್ ಅಂದರೆ ಒಳಗಿನಿಂದ ಅಂಟಿಸುವ ದಪ್ಪ ತೇಪೆ. ಲಾರಿಯ ಹಳೇ ಮಾದರಿಯ ನೈಲಾನ್ ಟೈರುಗಳಲ್ಲಿ ಹಲವು ಪದರ ದಾರ ಇರುತ್ತದೆ, ಒಳಗೆ ಟ್ಯೂಬ್ ಇರುತ್ತದೆ, ಅಲ್ಲಿ ಗೇಟರ್ ಹಾಕಿ ಓಡಿಸುವ ರೂಢಿ ಹಳೆಯದು. ನಿಮ್ಮ ಸೇಡಂ, ವಾಡಿ, ಶಹಾಬಾದ್ ಕಡೆ ಸಿಮೆಂಟ್ ಲಾರಿಗಳೇ ಜಾಸ್ತಿ. ಅಲ್ಲಿನ ಪಂಕ್ಚರ್ ಅಂಗಡಿಯವರ ಕೈ ಪಳಗಿರುವುದೇ ಆ ಟೈರುಗಳ ಮೇಲೆ. ಹಾಗಾಗಿ ಅವರು ನಿಮಗೆ ಮೋಸ ಮಾಡಲು ಹೇಳಿದ ಮಾತಲ್ಲ ಅದು. ಆದರೆ ಕಾರಿನ ರೇಡಿಯಲ್ ಟೈರಿನ ಸೈಡು ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುತ್ತದೆ. ಅಲ್ಲಿ ಅಂಟಿಸಿದ್ದು ನಿಲ್ಲುವುದಿಲ್ಲ. ನಿಂತರೂ ಆ ದಪ್ಪ ಜಾಗ ಬಿಸಿಯಾಗುತ್ತದೆ. ಟ್ಯೂಬ್ ಹಾಕಿಸಿಕೊಳ್ಳುವ ಸಲಹೆಯೂ ಬರಬಹುದು, ಅದಕ್ಕೂ ಇದೇ ಉತ್ತರ. ಟ್ಯೂಬು ಹವಾ ಸೋರುವುದನ್ನು ನಿಲ್ಲಿಸಬಹುದು, ಸೈಡಿಗೆ ಬಲ ಕೊಡುವುದಿಲ್ಲ.

"ಹಿಂದಕ್ಕೆ ಹಾಕಿ" ಅನ್ನುವ ಮಾತಿನ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಇದು ಎಲ್ಲ ಕಡೆ ಕೇಳಿಬರುವ ಸಲಹೆ, ಮತ್ತು ಪೂರಾ ಉಲ್ಟಾ. ಮುಂದಿನ ಟೈರು ಒಡೆದರೆ ಸ್ಟೀರಿಂಗ್ ಒಂದು ಕಡೆ ಜೋರಾಗಿ ಎಳೆಯುತ್ತದೆ. ಭಯವಾಗುತ್ತದೆ, ಆದರೆ ಏನಾಯಿತು ಅಂತ ಕೈಗೆ ಗೊತ್ತಾಗುತ್ತದೆ, ಗಟ್ಟಿಯಾಗಿ ಹಿಡಿದರೆ ಗಾಡಿ ಮಾತು ಕೇಳುತ್ತದೆ. ಹಿಂದಿನದು ಒಡೆದರೆ ಗಾಡಿಯ ಹಿಂಭಾಗವೇ ಜಾರುತ್ತದೆ, ಅದನ್ನು ಸ್ಟೀರಿಂಗಿನಿಂದ ತಿದ್ದಿ ತರುವುದು ಬಹಳ ಕಷ್ಟ. ಹಿಂದಿನ ಸೀಟಿನಲ್ಲಿ ಮಂದಿ, ಡಿಕ್ಕಿಯಲ್ಲಿ ಸಾಮಾನು ಇದ್ದಾಗ ಹಿಂದಿನ ಟೈರಿನ ಮೇಲೆ ಭಾರವೂ ಹೆಚ್ಚು. ಹುಮನಾಬಾದಿನಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ನೂರರ ವೇಗದಲ್ಲಿ ಗಂಟೆಗಟ್ಟಲೆ ಓಡಿಸುತ್ತೀರಿ. ಹರಿದ ದಾರದ ಪಕ್ಕದ ದಾರಗಳು ಒಂದೊಂದಾಗಿ ಹರಿಯುವುದು ಇಂಥ ಓಟದಲ್ಲೇ. ಅದಕ್ಕೆ ಬೇಸಿಗೆ ಕೂಡಿದರಂತೂ ಕೇಳಲೇಬೇಡಿ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಡಾಂಬರಿನ ಮೇಲೆ ಅದಕ್ಕಿಂತ ಎಷ್ಟೋ ಜಾಸ್ತಿ.

ಹಾಗಂತ ಸೈಡಿನಲ್ಲಿ ಕಂಡದ್ದೆಲ್ಲ ಕೆಟ್ಟದ್ದಲ್ಲ. ಟೈರಿನ ಸೈಡಿನ ಮೇಲೆ, ಡಿಸ್ಕಿನಿಂದ ಹೊರಕ್ಕೆ ಅಡ್ಡ ಹಾಯುವ ಹಾಗೆ, ಒಳಕ್ಕೆ ತುಸು ಕುಸಿದ ಗೆರೆ ಕಾಣುತ್ತದೆ ಕೆಲವು ಸಲ. ತಯಾರಿಸುವಾಗ ದಾರದ ಪದರದ ಎರಡು ತುದಿ ಒಂದರ ಮೇಲೊಂದು ಬಂದ ಜಾಗ ಅದು. ಅಲ್ಲಿ ದಾರ ದುಪ್ಪಟ್ಟು ಇರುವುದರಿಂದ ಹಿಗ್ಗುವುದು ಕಡಿಮೆ, ಅದಕ್ಕೇ ತಗ್ಗಿದಂತೆ ಕಾಣುತ್ತದೆ. ಹವಾ ತುಸು ಹೆಚ್ಚಿದ್ದಾಗ ಇನ್ನೂ ಎದ್ದು ಕಾಣುತ್ತದೆ. ಅದು ದೋಷವಲ್ಲ. ಇದನ್ನು ನೋಡಿ ಹೆದರಿ ಹೊಸ ಟೈರು ತಂದವರಿದ್ದಾರೆ! ನೆನಪಿಡಲು ಸುಲಭ: ಒಳಕ್ಕೆ ಹೋದರೆ ಚಿಂತೆಯಿಲ್ಲ, ಹೊರಕ್ಕೆ ಬಂದರೆ ಬಿಡುವಂತಿಲ್ಲ. ಕೈಯಿಂದ ಸವರಿದರೆ ಯಾವುದು ಅಂತ ತಿಳಿಯುತ್ತದೆ.

ಗೀರು, ಕಡಿತಗಳದ್ದು ಬೇರೆ ಲೆಕ್ಕ. ನಮ್ಮ ಕಡೆ ಇವು ತಗ್ಗಿಗಿಂತ ರಸ್ತೆಯ ಅಂಚಿನಿಂದಲೇ ಜಾಸ್ತಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟು ಚೆನ್ನಾಗಿ ಹಾಕಿದರೂ ಕೆಳಗಿನ ನೆಲ ಅಲುಗುತ್ತಿದ್ದರೆ ಅಂಚಿನಿಂದ ಬಿರುಕು ಶುರುವಾಗುತ್ತದೆ, ಬಿರುಕಿಗೆ ನೀರು ಇಳಿಯುತ್ತದೆ, ಅಲ್ಲಿಂದ ತಗ್ಗು. ಪಕ್ಕದ ಮಣ್ಣು ಕೊಚ್ಚಿಹೋದ ಕಡೆ ಡಾಂಬರಿನ ಅಂಚು ಮೆಟ್ಟಿಲಿನಂತೆ ಚೂಪಾಗಿ ನಿಂತಿರುತ್ತದೆ. ಎದುರು ಬಂದ ಲಾರಿಗೆ ದಾರಿ ಬಿಟ್ಟು ಎಡಗಡೆ ಗಾಲಿ ಕೆಳಗಿಳಿಸುತ್ತೀರಿ, ಮತ್ತೆ ಮೇಲೆ ಹತ್ತಿಸುವಾಗ ಆ ಅಂಚು ಟೈರಿನ ಸೈಡನ್ನು ಉಜ್ಜುತ್ತದೆ. ಇನ್ನು ಕೆಲವು ಕಡೆ ಜನ ತಗ್ಗಿಗೆ ಫರಸಿ ಕಲ್ಲಿನ ತುಂಡು ತಂದು ಸುರಿಯುತ್ತಾರೆ. ಉಪಕಾರ ಅಂತಲೇ ಮಾಡುತ್ತಾರೆ. ಆದರೆ ಒಡೆದ ಶಹಾಬಾದ್ ಕಲ್ಲಿನ ಅಂಚು ಎಷ್ಟು ಹರಿತ ಅಂತ ಮನೆಗೆ ಫರಸಿ ಹಾಕಿಸಿದವರಿಗೆಲ್ಲ ಗೊತ್ತು. ಇಂಥ ಕಡಿತ ಕಂಡರೆ ಬೆರಳಿನಿಂದ ತುಸು ಅಗಲಿಸಿ ನೋಡಿ. ಬರೀ ಕಪ್ಪು ರಬ್ಬರು ಕಂಡರೆ, ಮೇಲ್ಮೈಯ ಗೀರಷ್ಟೇ ಆಗಿದ್ದರೆ, ಓಡಿಸಿ, ಆಗಾಗ ನೋಡುತ್ತಿರಿ. ಒಳಗೆ ದಾರದ ಎಳೆ ಕಂಡರೆ ಅಥವಾ ರಬ್ಬರು ಸಿಪ್ಪೆಯಂತೆ ಎದ್ದು ಬಂದಿದ್ದರೆ ಆ ಟೈರನ್ನೂ ತೆಗೆಯಬೇಕು. ಎಷ್ಟು ಆಳ ಅಂತ ಅನುಮಾನವಿದ್ದರೆ ಕಣ್ಣಂದಾಜು ಬೇಡ, ಬಿಚ್ಚಿಸಿ ಒಳಗಡೆಯಿಂದ ನೋಡಿಸಿ.

ನಿಮ್ಮ ಎಡಗಾಲಿಯ ಹೊರಗಿನ ಸೈಡನ್ನು ನೀವು ನೋಡಿದ್ದೀರಿ. ಒಳಗಿನ ಸೈಡು, ಅಂದರೆ ಎಂಜಿನ್ ಕಡೆ ಮುಖ ಮಾಡಿರುವುದನ್ನು ಯಾರೂ ನೋಡಿರುವುದಿಲ್ಲ. ಕಾರು ತೊಳೆಯುವಾಗ ಅದು ಕಾಣುವುದೇ ಇಲ್ಲ. ಉಬ್ಬು ಅಲ್ಲಿ ಬಂದರೆ ತಿಂಗಳುಗಟ್ಟಲೆ ಗೊತ್ತಾಗದೆ ಓಡಿಸುತ್ತೇವೆ. ಜೋರಾಗಿ ಪೆಟ್ಟು ಬಿದ್ದ ಮೇಲೆ ಗಾಲಿ ಬಿಚ್ಚಿ ಎರಡೂ ಬದಿ ನೋಡಬೇಕು ಅಂತ ನಾನು ಹೇಳುವುದು ಇದಕ್ಕೇ. ಎಡಗಡೆ ಮುಂದಿನದು ಬಿದ್ದ ತಗ್ಗಿಗೆ ಹಿಂದಿನದೂ ಬಿದ್ದಿರುತ್ತದೆ. ಅದನ್ನೂ ಬಿಚ್ಚಿಸಿ. ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಸಣ್ಣ ಉಬ್ಬಿನ ನೆರಳೂ ಕಾಣುತ್ತದೆ. ನೆಲಕ್ಕೆ ತಾಗುವ ಭಾಗವನ್ನೂ ಗಾಲಿ ತಿರುಗಿಸಿ ನೋಡಿ. ಒಂದು ಕಡೆ ಎದ್ದಿದ್ದರೆ ಅಥವಾ ಗೆರೆಗಳು ಸೊಟ್ಟಗಾಗಿದ್ದರೆ ಒಳಗಿನ ಸ್ಟೀಲ್ ಬೆಲ್ಟು ಬಿಟ್ಟಿದೆ ಅಂತ ಅರ್ಥ. ಇಂಥ ಟೈರು ನಿಧಾನವಾಗಿ ಓಡುವಾಗಲೂ ದಡ ದಡ ಅನ್ನುತ್ತದೆ. ಅದೂ ಗುಜರಿಗೇ.

ನಿಮಗೆ ಅನ್ವಯಿಸದ, ಆದರೆ ಬಹಳ ಮಂದಿಗೆ ಆಗುವ ಇನ್ನೊಂದು ಸಂಗತಿ ಇದೆ. ತಗ್ಗಿಗೆ ಬಿದ್ದು ಹವಾ ಪೂರಾ ಹೋಗಿ, ಕತ್ತಲಲ್ಲಿ ನಿಲ್ಲಿಸಲು ಭಯವಾಗಿ ಒಂದೆರಡು ಕಿಲೋಮೀಟರು ಹಾಗೇ ತಂದಿರುತ್ತಾರೆ. ಆ ಟೈರನ್ನು ಡಿಸ್ಕಿನಿಂದ ಬಿಚ್ಚಿ ಒಳಗೆ ಕೈಯಾಡಿಸಿದರೆ ಕಪ್ಪು ರಬ್ಬರಿನ ಪುಡಿ ಸಿಗುತ್ತದೆ, ಸೈಡಿನ ಒಳಮೈಯಲ್ಲಿ ಸುತ್ತಲೂ ಮಡಿಕೆಯ ಗೆರೆ ಕಾಣುತ್ತದೆ. ಹೊರಗೆ ಹೊಸದರಂತೆ ಕಂಡರೂ ಅದನ್ನು ಮತ್ತೆ ಹಾಕಬಾರದು. ಇನ್ನು ಮೊಳೆ ಚುಚ್ಚಿದ ಪಂಕ್ಚರಿಗೆ ಮಾತ್ರ ಇಷ್ಟು ಕಟ್ಟುನಿಟ್ಟು ಬೇಡ. ನೆಲಕ್ಕೆ ತಾಗುವ ಭಾಗದ ನಡುವೆ ಇದ್ದು ತೂತು 6 ಮಿಲಿಮೀಟರಿಗಿಂತ ದೊಡ್ಡದಲ್ಲದಿದ್ದರೆ, ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ ತೇಪೆ) ಹಾಕಿಸಿ ನಿಶ್ಚಿಂತೆಯಿಂದ ಓಡಿಸಬಹುದು.

ಈಗ ಒಂದೋ ಎರಡೋ ಅನ್ನುವ ಪ್ರಶ್ನೆ. ಶೋರೂಮಿನವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಂದೇ ಸಾಲಿನ ಎಡ ಬಲ ಟೈರುಗಳು ಒಂದೇ ಸೈಜು, ಒಂದೇ ಕಂಪನಿ, ಒಂದೇ ಮಾದರಿ, ಸುಮಾರು ಒಂದೇ ಸವೆತ ಇರಬೇಕು ಅನ್ನುವುದು ಸರಿ. ಇಲ್ಲದಿದ್ದರೆ ಮಳೆಯಲ್ಲಿ ಬ್ರೇಕ್ ಹಿಡಿದಾಗ ಒಂದು ಕಡೆ ಹಿಡಿತ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಆಗುತ್ತದೆ. ಆದರೆ ಎರಡು ಬೇಕೋ ಬೇಡವೋ ಅನ್ನುವುದನ್ನು ಗ್ರಿಪ್ಪಿನ ಗೆರೆಯ ಆಳ ಹೇಳಬೇಕು, ಅಂಗಡಿಯವರಲ್ಲ. ಹೊಸ ಕಾರು ಟೈರಿನಲ್ಲಿ ಆಳ ಸಾಮಾನ್ಯವಾಗಿ 7-8 ಮಿಲಿಮೀಟರು ಇರುತ್ತದೆ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಗಟ್ಟೆ ಇದೆ, ಅದರ ಎತ್ತರ 1.6 ಮಿಲಿಮೀಟರು. ಟೈರು ಸವೆದು ಅದಕ್ಕೆ ಸಮ ಬಂದರೆ ಕಾನೂನಿನ ಪ್ರಕಾರವೂ ಅದು ಮುಗಿದ ಟೈರು. ನಮ್ಮ ಮಳೆಗಾಲಕ್ಕೆ ನಾನಂತೂ 3 ಮಿಲಿಮೀಟರಿಗೇ ಬದಲಿಸಿ ಅನ್ನುತ್ತೇನೆ. ನಿಮ್ಮದು 28 ಸಾವಿರ ಓಡಿದೆ, ಬಹುಶಃ 5ರ ಆಸುಪಾಸು ಉಳಿದಿರಬಹುದು. ಅಳೆಸಿ ನೋಡಿ, ಅಂಗಡಿಯಲ್ಲಿ ಅದಕ್ಕೆ ಸಣ್ಣ ಗೇಜು ಇರುತ್ತದೆ, ಒಂದು ನಿಮಿಷದ ಕೆಲಸ. ಉಳಿದ ಮೂರು ಟೈರಿನಲ್ಲಿ ಆಳ 5 ಮಿಲಿಮೀಟರಿನ ಹತ್ತಿರ ಇದ್ದರೆ ಒಂದೇ ಹೊಸದು ಸಾಕು. ಮೂರರಲ್ಲಿ ಹೆಚ್ಚು ಗ್ರಿಪ್ ಇರುವುದನ್ನು ಅದಕ್ಕೆ ಜೋಡಿ ಮಾಡಿ, ಆ ಜೋಡಿಯನ್ನು ಹಿಂದಕ್ಕೆ ಹಾಕಿಸಿ. ಹೊಸದು ಮುಂದೆ ಇರಬೇಕು ಅನ್ನುವುದು ನಮ್ಮಲ್ಲಿ ಗಟ್ಟಿಯಾದ ನಂಬಿಕೆ. ಆದರೆ ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಜಾರದಂತೆ ಹಿಡಿಯುವುದೇ ಮುಖ್ಯ. ಆಳ 3 ಮಿಲಿಮೀಟರಿಗೆ ಇಳಿದಿದ್ದರೆ ಶೋರೂಮಿನವರು ಹೇಳಿದಂತೆ ಎರಡು ತಗೊಳ್ಳಿ, ಜಗಳವೇ ಬೇಡ. ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಗಾಡಿಗಳಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಸವೆತದ ವ್ಯತ್ಯಾಸ ತೀರಾ ಕಡಿಮೆ ಇರಬೇಕು.

ಸ್ಟೆಪ್ನಿ ಬಳಸಿಲ್ಲ ಅಂದಿರಿ. ಖರ್ಚು ಉಳಿಸಲು ಇದು ಒಳ್ಳೆಯ ದಾರಿ: ಸ್ಟೆಪ್ನಿಯ ಟೈರನ್ನು ಕೆಟ್ಟ ಟೈರಿಗೆ ಬದಲಾಗಿ ಹಾಕಿ, ಹೊಸದನ್ನು ನಿಧಾನವಾಗಿ ತಂದು ಸ್ಟೆಪ್ನಿ ಮಾಡಿಕೊಳ್ಳಿ. ಕಂಪನಿ, ಮಾದರಿ ಕಾರಿನ ಜೊತೆ ಬಂದದ್ದೇ ಆದ್ದರಿಂದ ಜೋಡಿಯೂ ಕೂಡುತ್ತದೆ. ಆದರೆ ಮೊದಲು ವಯಸ್ಸು ನೋಡಿ. ಸೈಡಿನಲ್ಲಿ ಡಿಒಟಿ ಅಂತ ಇರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ಓಡದಿದ್ದರೂ ರಬ್ಬರು ವಯಸ್ಸಿಗೆ ಗಟ್ಟಿಯಾಗುತ್ತದೆ, ನಮ್ಮ ಬಿಸಿಲಿಗೆ ಬೇಗನೇ. ಆರು ವರ್ಷ ದಾಟಿದ ಸ್ಟೆಪ್ನಿಯನ್ನು ಹೈದರಾಬಾದಿನ ದಾರಿಗೆ ನಂಬಬೇಡಿ. ಊರೊಳಗೆ ಪಂಕ್ಚರ್ ಅಂಗಡಿವರೆಗೆ ಹೋಗಲಷ್ಟೇ ಇರಲಿ. ಕೆಲವು ಕಾರುಗಳಲ್ಲಿ ಸ್ಟೆಪ್ನಿ ಚಿಕ್ಕ ಸೈಜಿನದಿರುತ್ತದೆ, ಅದರ ಮೇಲೆ 80ರ ವೇಗದ ಮಿತಿ ಬರೆದಿರುತ್ತದೆ. ನಿಮ್ಮದು ಅದೇ ಸೈಜು, ಬಚಾವ್.

ಹೊಸದು ತರುವಾಗ ಅದೇ 185/65 ಆರ್ 15 ತನ್ನಿ. ಪಕ್ಕದಲ್ಲಿ 88ಎಚ್ ಅಂತ ಇರಬಹುದು. 88 ಅಂದರೆ ಒಂದು ಟೈರು 560 ಕೆಜಿ ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ ತಾಳುತ್ತದೆ. ಇವು ನಿಮ್ಮ ಈಗಿನದಕ್ಕಿಂತ ಕಡಿಮೆ ಇರಬಾರದು. ಇದೇ ಸಂದರ್ಭದಲ್ಲಿ ದೊಡ್ಡ ಅಲಾಯ್ (ಮಿಶ್ರಲೋಹದ ಡಿಸ್ಕ್) ಹಾಕಿಸಿ ಅಂತ ಯಾರಾದರೂ ಹುರಿದುಂಬಿಸಿದರೆ ನಕ್ಕು ಬಿಡಿ. ನಿಮ್ಮ ಟೈರಿನ ಸೈಡಿನ ಎತ್ತರ ಅದರ ಅಗಲ 185 ಮಿಲಿಮೀಟರಿನಲ್ಲಿ 65 ಪರ್ಸೆಂಟ್, ಅಂದರೆ ಸುಮಾರು 120 ಮಿಲಿಮೀಟರು. 17 ಇಂಚಿನ ಡಿಸ್ಕಿಗೆ 205/45 ಹಾಕಿದರೆ ಅದು 92ಕ್ಕೆ ಇಳಿಯುತ್ತದೆ. ನೋಡಲು ಚೆಂದ, ಒಪ್ಪುತ್ತೇನೆ. ಆದರೆ ತಗ್ಗಿನ ಪೆಟ್ಟು ತಡೆಯಲು ಇದ್ದ ಜಾಗವೇ ಕಾಲು ಭಾಗ ಹೋಯಿತು.

ಗಾಡಿ ಎಡಕ್ಕೆ ಎಳೆಯುತ್ತಿದೆ ಅಂದಿರಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಟ್ಟ ಟೈರೇ ಎಳೆಯುತ್ತಿರಬಹುದು. ಸ್ಟೆಪ್ನಿ ಹಾಕಿದ ಮೇಲೆ ಎಳೆತ ನಿಂತರೆ ಬಹುಮಟ್ಟಿಗೆ ಅದೇ ಕಾರಣ. ನಿಲ್ಲದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಅಥವಾ ಕೆಳಗೆ ಏನೋ ಬಾಗಿದೆ. ಅಲೈನ್‌ಮೆಂಟ್ ಮಾಡಿಸುವಾಗ ಮೊದಲು ಮತ್ತು ನಂತರದ ಅಳತೆ ಎರಡನ್ನೂ ಪ್ರಿಂಟ್ ಕೇಳಿ. ಟೋ, ಅಂದರೆ ಗಾಲಿಗಳು ನೇರ ನೋಡುತ್ತಿವೆಯೋ ಒಳಕ್ಕೆ ಹೊರಕ್ಕೆ ತಿರುಗಿವೆಯೋ ಅನ್ನುವ ಅಳತೆ, ಕೆಂಪು ತೋರಿಸಿದರೆ (ಮಿತಿ ಮೀರಿದ್ದರೆ) ತಿದ್ದಬಹುದು, ಅದು ಮಾಮೂಲಿ. ಕ್ಯಾಂಬರ್, ಅಂದರೆ ಗಾಲಿಯ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಅಳತೆ, ಎಡಕ್ಕೂ ಬಲಕ್ಕೂ ಬಹಳ ವ್ಯತ್ಯಾಸ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ. ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಕ್ಯಾಂಬರ್ ತಿದ್ದುವ ವ್ಯವಸ್ಥೆಯೇ ಇರುವುದಿಲ್ಲ. ಅದು ಬದಲಾಗಿದೆ ಅಂದರೆ ಗಾಲಿಯನ್ನು ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್, ಸ್ಟ್ರಟ್, ಇಂಥದ್ದೇನೋ ಬಾಗಿದೆ. ಅದನ್ನು ಹಾಗೇ ಬಿಟ್ಟು ಟೋ ಮಾತ್ರ ತಿದ್ದಿ ಕೊಟ್ಟರೆ ಹೊಸ ಟೈರು ಒಂದೇ ಅಂಚಿನಲ್ಲಿ ಬೇಗ ಸವೆಯುತ್ತದೆ. ಆಗ ಟೈರಿನ ಕಂಪನಿಯನ್ನು ಬೈಯುತ್ತೇವೆ!

ಡಿಸ್ಕನ್ನೂ ಮರೆಯಬೇಡಿ. ಗಾಲಿಯನ್ನು ಬ್ಯಾಲೆನ್ಸಿಂಗ್ ಮಷಿನ್ನಿಗೆ (ಗಾಲಿಯ ತೂಕ ಸುತ್ತಲೂ ಸಮ ಇದೆಯಾ ನೋಡುವ ಯಂತ್ರಕ್ಕೆ) ಏರಿಸಿ ತಿರುಗಿಸಿದಾಗ ಅಂಚು ಓಲಾಡುತ್ತದಾ ನೋಡಿ. ಕಬ್ಬಿಣದ ಡಿಸ್ಕ್ ಸ್ವಲ್ಪ ಬಾಗಿದ್ದರೆ ಸರಿ ಮಾಡಬಹುದು. ಅಲಾಯ್ ತುಸು ಬಾಗಿದ್ದರೂ ಮಷಿನ್ನಿನಲ್ಲಿ ತಿದ್ದುತ್ತಾರೆ. ಆದರೆ ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಮಾಡಿಸಿಕೊಂಡು ಓಡಿಸುವುದು ಬೇಡ. ವಾರಕ್ಕೊಮ್ಮೆ ಹವಾ ಕಡಿಮೆಯಾಗುತ್ತಿದ್ದರೆ ಡಿಸ್ಕಿನ ಅಂಚಿಗೆ, ವಾಲ್ವಿನ ಬುಡಕ್ಕೆ ಸೋಪಿನ ನೀರು ಬಿಟ್ಟರೆ ಗುಳ್ಳೆ ಬರುವ ಜಾಗ ತಾನೇ ತೋರಿಸುತ್ತದೆ. ಅಲ್ಲಿ ಕೆಟ್ಟಿರುವುದು ಡಿಸ್ಕ್ ಇಲ್ಲವೇ ವಾಲ್ವು, ಟೈರಲ್ಲ. ಸುಮ್ನೆ ಟೈರು ಬದಲಿಸಿದರೆ ಸೋರಿಕೆ ನಿಲ್ಲುವುದಿಲ್ಲ.

ಹವಾ ಎಷ್ಟು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರಿನಲ್ಲಿದೆ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡಿ. ಬಿಸಿ ಐದಾರು ಡಿಗ್ರಿ ಏರಿದರೆ ಹವಾದ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಹಾಗಾಗಿ ಮಧ್ಯಾಹ್ನ ಸೇಡಂನಿಂದ ಓಡಿಸಿಕೊಂಡು ಬಂದು ಕಲಬುರಗಿಯ ಬಂಕಿನಲ್ಲಿ ನೋಡಿದ ಲೆಕ್ಕ ಲೆಕ್ಕವಲ್ಲ. ಬೇಸಿಗೆ ಅಂತ ಹವಾ ಕಡಿಮೆ ಮಾಡುವವರಿದ್ದಾರೆ. ಕಡಿಮೆ ಹವಾದ ಟೈರು ಹೆಚ್ಚು ಬಾಗುತ್ತದೆ, ಹೆಚ್ಚು ಕಾಯುತ್ತದೆ, ತಗ್ಗಿಗೆ ಬಿದ್ದರೆ ಬೇಗ ಜಜ್ಜಿಹೋಗುತ್ತದೆ. ತಗ್ಗು ತಪ್ಪಿಸಲು ಆಗದಿದ್ದಾಗ ಮೊದಲೇ ಬ್ರೇಕ್ ಹಿಡಿದು, ಗಾಲಿ ಬೀಳುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆಯಿರಿ. ಬ್ರೇಕ್ ಹಿಡಿದೇ ಇದ್ದರೆ ಗಾಡಿಯ ಭಾರವೆಲ್ಲ ಮುಂದಕ್ಕೆ ಬಂದು ಸ್ಪ್ರಿಂಗ್ ಆಗಲೇ ಕುಗ್ಗಿರುತ್ತದೆ, ಪೆಟ್ಟು ತಡೆಯಲು ಏನೂ ಉಳಿದಿರುವುದಿಲ್ಲ.

ದುಡ್ಡಿನ ವಿಷಯ. ಟೈರಿನ ಮಾಮೂಲಿ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಉಬ್ಬನ್ನು ಸಾಮಾನ್ಯವಾಗಿ ಪೆಟ್ಟಿನಿಂದ ಆದದ್ದು ಅಂತ ತಳ್ಳಿಹಾಕುತ್ತಾರೆ. ಆದರೂ ಕೆಲವು ಕಂಪನಿಗಳು ಕೆಲವು ಮಾದರಿಗಳಿಗೆ ರಸ್ತೆಯ ಪೆಟ್ಟಿಗೂ ವಾರಂಟಿ ಕೊಡುತ್ತವೆ, ಕೊಂಡಾಗ ನೋಂದಣಿ ಮಾಡಿರಬೇಕು. ಹೊಸದು ತಗೊಳ್ಳುವಾಗ ಅದನ್ನು ಕೇಳಿ, ಬಿಲ್ಲಿನ ಮೇಲೆ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಕಾರಿನ ಫುಲ್ ಇನ್ಶೂರೆನ್ಸ್ ಇದ್ದರೂ ಟೈರು ಮಾತ್ರ ಕೆಟ್ಟರೆ ಅದು ಕೊಡುವುದಿಲ್ಲ. ಅದೇ ಪೆಟ್ಟಿಗೆ ಗಾಡಿಯ ಬೇರೆ ಭಾಗವೂ ಕೆಟ್ಟಿದ್ದರೆ ಟೈರಿನ ಬೆಲೆಯ ಅರ್ಧದವರೆಗೆ ಸಿಗುತ್ತದೆ. ನಿಮ್ಮಲ್ಲಿ ಲೋವರ್ ಆರ್ಮ್ ಬಾಗಿದೆ ಅಂತ ಗೊತ್ತಾದರೆ ರಿಪೇರಿ ಶುರು ಮಾಡಿಸುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಫೋಟೋ ತೆಗೆದಿಡಿ. ಕ್ಲೇಮು ಸಣ್ಣದಿದ್ದರೆ ನೋ ಕ್ಲೇಮ್ ಬೋನಸ್ (ಕ್ಲೇಮು ಮಾಡದಿದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇನ್ಶೂರೆನ್ಸಿನ ಜೊತೆ ಟೈರಿಗಂತ ಬೇರೆ ಆಡ್‌ಆನ್ ತಗೊಂಡಿದ್ದರೆ ಆ ಮಾತೇ ಬೇರೆ.

ಹೈದರಾಬಾದಿಗೆ ಹೊರಡುವ ಹಿಂದಿನ ದಿನ ಹೊಸ ಟೈರು ಹಾಕಿಸಬೇಡಿ. ಎರಡು ಮೂರು ದಿನ ಮೊದಲೇ ಹಾಕಿಸಿ, ದಿನದ ಕಲಬುರಗಿ ಓಡಾಟದಲ್ಲಿ ಗಮನಿಸಿ. 80ರ ಸುಮಾರಿಗೆ ಸ್ಟೀರಿಂಗ್ ನಡುಗಿದರೆ ಮುಂದಿನ ಗಾಲಿಯ ಬ್ಯಾಲೆನ್ಸಿಂಗ್, ಸೀಟು ನಡುಗಿದರೆ ಹಿಂದಿನದ್ದು ಅಂತ ಸಾಮಾನ್ಯವಾಗಿ ಹಿಡಿಯಬಹುದು. ಗಾಲಿಯ ನಟ್ಟುಗಳನ್ನು ಐವತ್ತು ನೂರು ಕಿಲೋಮೀಟರು ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.

ಕೆಟ್ಟ ಟೈರನ್ನು ಅಂಗಡಿಯಲ್ಲೇ ಬಿಟ್ಟು ಬರುವುದಾದರೆ, ನಿಮ್ಮ ಕಣ್ಣೆದುರೇ ಅದರ ಸೈಡನ್ನು ಕೊಯ್ಯಿಸಿ. ಗ್ರಿಪ್ ಚೆನ್ನಾಗಿರುವ ಟೈರು ತೊಳೆದು ಕಪ್ಪು ಪಾಲಿಶ್ ಹೊಡೆದರೆ ಸೆಕೆಂಡ್ ಹ್ಯಾಂಡ್ ಅಂತ ಮತ್ತೊಬ್ಬರ ಕಾರಿಗೆ ಹೋಗಿಬಿಡುತ್ತದೆ. ಹವಾ ಇಲ್ಲದಾಗ ಆ ಉಬ್ಬು ಯಾರ ಕಣ್ಣಿಗೂ ಬೀಳುವುದಿಲ್ಲ.